ಒಂದೇ ಟೇಬಲ್ಲೋ, ಹಲವು ಟೇಬಲ್ಲೋ: ಕ್ಲಾಸ್ ಇನ್ಹೆರಿಟೆನ್ಸ್ ಮ್ಯಾಪಿಂಗ್ ಕೈಕೊಟ್ಟಾಗ ಯಾವ ದಾರಿ ಹಿಡಿಯಬೇಕು

ಜಾವಾದಲ್ಲಿ ಒಂದು ಕ್ಲಾಸನ್ನು ಇನ್ನೊಂದರಿಂದ ಎಕ್ಸ್‌ಟೆಂಡ್ ಮಾಡಲು, ಅಂದರೆ ತಾಯಿ ಕ್ಲಾಸಿನ ಗುಣಗಳನ್ನು ಮಗು ಕ್ಲಾಸಿಗೆ ಇಳಿಸಲು (ಇದೇ ಇನ್ಹೆರಿಟೆನ್ಸ್), ಒಂದು ಪದ ಸಾಕು. ಡೇಟಾಬೇಸ್‌ನಲ್ಲಿ ಹಾಗಿಲ್ಲ. ಅಲ್ಲಿರುವುದು ಟೇಬಲ್, ಕಾಲಂ, ಮತ್ತು ಒಂದು ಟೇಬಲ್‌ನ ಸಾಲಿನಿಂದ ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಫಾರಿನ್ ಕೀ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಟೇಬಲ್ ಇನ್ಹೆರಿಟೆನ್ಸ್ ಅಂತ ಒಂದು ಸೌಲಭ್ಯ ಇದೆ ನಿಜ. ಆದರೆ ತಾಯಿ ಟೇಬಲ್ ಮೇಲಿನ ಯೂನಿಕ್ (ಬೆಲೆ ಮರುಕಳಿಸಬಾರದು) ಮತ್ತು ಫಾರಿನ್ ಕೀ ನಿಯಮಗಳು ಮಕ್ಕಳ ಟೇಬಲ್‌ಗೆ ಇಳಿಯುವುದಿಲ್ಲ. ಹಾಗಾಗಿ ಜಾವಾ ಆಬ್ಜೆಕ್ಟ್‌ಗಳನ್ನು ಟೇಬಲ್ ಸಾಲುಗಳಿಗೆ ಹೊಂದಿಸುವ (ಮ್ಯಾಪ್ ಮಾಡುವ) ಹೈಬರ್ನೇಟ್‌ನಂಥ ಲೈಬ್ರರಿಗಳು ಅದನ್ನು ನೆಚ್ಚಿಕೊಳ್ಳುವುದಿಲ್ಲ. ಮಾಮೂಲಿ ಟೇಬಲ್‌ಗಳ ಮೇಲೆಯೇ ತಮ್ಮ ಸೇತುವೆ ಕಟ್ಟುತ್ತವೆ.

ಈ ಸೇತುವೆ ಕಟ್ಟಲು ಜೆಪಿಎ (ಇಂಥ ಲೈಬ್ರರಿಗಳು ಪಾಲಿಸುವ ಜಾವಾ ಮಾನದಂಡ) ನಾಲ್ಕು ದಾರಿ ಕೊಡುತ್ತದೆ: ಸಿಂಗಲ್ ಟೇಬಲ್, ಜಾಯಿನ್ಡ್, ಟೇಬಲ್ ಪರ್ ಕ್ಲಾಸ್, ಮ್ಯಾಪ್ಡ್ ಸೂಪರ್‌ಕ್ಲಾಸ್. ಯಾವುದೇ ದಾರಿ ಹಿಡಿದರೂ ಒಂದಲ್ಲ ಒಂದು ದಿನ ವಿಚಿತ್ರವಾದ ಎರರ್ ಬರುತ್ತದೆ. ಆಗ ಎಲ್ಲರೂ ಆ ಎರರ್ ಸಾಲನ್ನು ಹುಡುಕಿ, ಸಿಕ್ಕ ಅನೋಟೇಶನ್ (ಕೋಡ್‌ನಲ್ಲಿ ಲೈಬ್ರರಿಗೆ ಬರೆಯುವ ಸೂಚನೆ) ಸೇರಿಸಿ ಮುಂದೆ ಹೋಗುತ್ತಾರೆ. ನನ್ನ ಅನುಭವದಲ್ಲಿ ಇಂಥ ಎರರ್‌ಗಳಲ್ಲಿ ಅರ್ಧದಷ್ಟು ಬಗ್ ಅಲ್ಲವೇ ಅಲ್ಲ. ಅವು ಆರಿಸಿದ ದಾರಿಯ ಜೊತೆಗೇ ಬರುವ ಗುಣಗಳು. ಆದ್ದರಿಂದ ಎರರ್ ಬಂದಾಗ ಮೊದಲು ಕೇಳಬೇಕಾದ್ದು ಇದು: ಇಲ್ಲಿ ತೇಪೆ ಹಾಕಿದರೆ ಸಾಕಾ, ಅಥವಾ ದಾರಿಯನ್ನೇ ಬದಲಿಸಬೇಕಾ?

ಉದಾಹರಣೆಗೆ ಒಂದು ಪೇಮೆಂಟ್ ವ್ಯವಸ್ಥೆ ತೆಗೆದುಕೊಳ್ಳೋಣ. ‘ಪೇಮೆಂಟ್’ ಅನ್ನುವುದು ಮೂಲ ಕ್ಲಾಸ್. ಅದರಲ್ಲಿ ಐಡಿ, ಮೊತ್ತ, ಸಮಯ ಇವೆ. ಅದರ ಕೆಳಗೆ ಮೂರು ಕ್ಲಾಸ್‌ಗಳು. ಯುಪಿಐ ಪೇಮೆಂಟ್‌ಗೆ ಯುಪಿಐ ವಿಳಾಸ ಬೇಕು. ಕಾರ್ಡ್ ಪೇಮೆಂಟ್‌ಗೆ ಬ್ಯಾಂಕ್ ಹೆಸರು ಮತ್ತು ಕೊನೆಯ 4 ಅಂಕಿ ಸಾಕು. ಪೂರ್ತಿ ಕಾರ್ಡ್ ನಂಬರನ್ನು ವ್ಯಾಪಾರಿಗಳು ಇಟ್ಟುಕೊಳ್ಳಬಾರದು ಅಂತ ಆರ್‌ಬಿಐ ನಿಯಮ 2022ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಚೆಕ್ ಪೇಮೆಂಟ್‌ಗೆ ಚೆಕ್ ನಂಬರ್ ಮತ್ತು ದಿನಾಂಕ.

ಸಿಂಗಲ್ ಟೇಬಲ್

ಎಲ್ಲ ಕ್ಲಾಸ್‌ಗಳ ಎಲ್ಲ ಕಾಲಂಗಳೂ ಒಂದೇ ಟೇಬಲ್‌ನಲ್ಲಿ ಇರುತ್ತವೆ. ಯಾವ ಸಾಲು ಯಾವ ಕ್ಲಾಸಿನದು ಅಂತ ಹೇಳಲು ಡಿಸ್ಕ್ರಿಮಿನೇಟರ್ ಕಾಲಂ ಇರುತ್ತದೆ. ನೀವು ಹೆಸರು ಕೊಡದಿದ್ದರೆ ಅದರ ಹೆಸರು ‘ಡಿಟೈಪ್’, ಉದ್ದ 31 ಅಕ್ಷರ. ಇನ್ಹೆರಿಟೆನ್ಸ್ ಅನೋಟೇಶನ್ ಬರೆಯುವುದನ್ನೇ ಮರೆತರೂ ಜೆಪಿಎ ಹಿಡಿಯುವುದು ಇದೇ ದಾರಿ. ‘ಮಕ್ಕಳ ಕ್ಲಾಸ್‌ಗೆ ಟೇಬಲ್ಲೇ ಆಗಿಲ್ಲ’ ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ. ಆ ಅನೋಟೇಶನ್ ಮೂಲ ಕ್ಲಾಸ್ ಮೇಲೆ ಇರಬೇಕು. ಮಗುವಿನ ಮೇಲೆ ಹಾಕಿದರೆ ಪ್ರಯೋಜನ ಇಲ್ಲ.

ಇದರ ದೊಡ್ಡ ಲಾಭ ವೇಗ. ‘ನಿನ್ನೆಯ ಎಲ್ಲ ಪೇಮೆಂಟ್ ಕೊಡು’ ಅಂದರೆ ಒಂದು ಟೇಬಲ್, ಒಂದು ಇಂಡೆಕ್ಸ್, ಕೆಲಸ ಮುಗಿಯಿತು. ಟೇಬಲ್‌ಗಳನ್ನು ಪಕ್ಕಪಕ್ಕ ಜೋಡಿಸುವ ಜಾಯಿನ್ ಇಲ್ಲ, ಒಂದರ ಕೆಳಗೊಂದು ಸೇರಿಸುವ ಯೂನಿಯನ್ ಇಲ್ಲ.

ತುಂಬಾ ಜನ ಇದನ್ನು ಬೇಡ ಅನ್ನುವುದು ‘ಅರ್ಧ ಕಾಲಂ ನಲ್ (ಖಾಲಿ) ಆಗಿರುತ್ತದೆ, ಜಾಗ ದಂಡ’ ಅನ್ನುವ ಕಾರಣಕ್ಕೆ. ಈ ಭಯ ಬೇಡ. ಪೋಸ್ಟ್‌ಗ್ರೆಸ್‌ನಲ್ಲೂ ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ಸ್ಟೋರೇಜ್ ಎಂಜಿನ್‌ನಲ್ಲೂ ನಲ್ ಅನ್ನು ಕಾಲಂಗೆ ಒಂದು ಬಿಟ್‌ನಂತೆ ಗುರುತು ಹಾಕಿಕೊಳ್ಳುತ್ತಾರೆ. ಮೂವತ್ತು ಖಾಲಿ ಕಾಲಂ ಇದ್ದರೂ ಸಾಲಿಗೆ ಕೆಲವೇ ಬೈಟ್. ನಿಜವಾದ ತೊಂದರೆ ಜಾಗದ್ದಲ್ಲ, ನಿಯಮಗಳದ್ದು.

ಯುಪಿಐ ವಿಳಾಸ ಕಡ್ಡಾಯ ಅಂತ ಕ್ಲಾಸಿನಲ್ಲಿ ಬರೆದಿರುತ್ತೀರಿ. ಆದರೆ ಚೆಕ್ ಸಾಲಿನಲ್ಲಿ ಅದು ಖಾಲಿ ಇರಲೇಬೇಕು, ಅಲ್ವಾ? ಹಾಗಾಗಿ ಹೈಬರ್ನೇಟ್ ಸ್ಕೀಮಾ (ಟೇಬಲ್‌ಗಳ ರಚನೆ) ತಯಾರಿಸುವಾಗ ಆ ಕಾಲಂಗೆ ನಾಟ್ ನಲ್ (ಖಾಲಿ ಬಿಡಬಾರದು ಅನ್ನುವ ನಿಯಮ) ಹಾಕುವುದೇ ಇಲ್ಲ. ಟೇಬಲ್ ರಚನೆ ಬದಲಿಸುವ ಫ್ಲೈವೇಯಂಥ ಮೈಗ್ರೇಶನ್ ಟೂಲ್‌ನಲ್ಲಿ ನೀವೇ ಕೈಯಾರೆ ನಾಟ್ ನಲ್ ಹಾಕಿದರೆ, ಮೊದಲ ಚೆಕ್ ಸೇವ್ ಮಾಡಿದ ತಕ್ಷಣ ಡೇಟಾಬೇಸ್ ಅದನ್ನು ತಿರಸ್ಕರಿಸುತ್ತದೆ. ಇದಕ್ಕೆ ಮದ್ದು ಚೆಕ್ ಕನ್‌ಸ್ಟ್ರೇಂಟ್, ಅಂದರೆ ಪ್ರತಿ ಸಾಲೂ ಪಾಲಿಸಬೇಕಾದ ಷರತ್ತು (ಇಲ್ಲಿನ ‘ಚೆಕ್’ ಅಂದರೆ ಪರಿಶೀಲನೆ, ಬ್ಯಾಂಕ್ ಚೆಕ್ ಅಲ್ಲ). ‘ಡಿಟೈಪ್ ಯುಪಿಐ ಅಲ್ಲದಿರಲಿ, ಅಥವಾ ವಿಳಾಸ ನಲ್ ಅಲ್ಲದಿರಲಿ’ ಅಂತ ಬರೆದರೆ ನಿಯಮ ಡೇಟಾಬೇಸ್‌ನಲ್ಲೇ ಉಳಿಯುತ್ತದೆ. ಮೈಎಸ್‌ಕ್ಯುಎಲ್ ಬಳಸುವವರು ಆವೃತ್ತಿ ನೋಡಿಕೊಳ್ಳಿ. 8.0.16ಕ್ಕಿಂತ ಹಳೆಯದಾದರೆ ಚೆಕ್ ಕನ್‌ಸ್ಟ್ರೇಂಟ್ ಬರೆದರೂ ಅದು ಓದಿ ಸುಮ್ನೆ ಬಿಟ್ಟುಬಿಡುತ್ತದೆ. ಎರರ್ ಇಲ್ಲ, ಕಾವಲೂ ಇಲ್ಲ.

ಯೂನಿಕ್ ಇಂಡೆಕ್ಸ್ ವಿಷಯದಲ್ಲೂ ಇಂಥದ್ದೇ ಒಂದು ಗುಂಡಿ ಇದೆ. ಯುಪಿಐ ರೆಫರೆನ್ಸ್ ನಂಬರ್ ಯೂನಿಕ್ ಅಂತ ಹಾಕಿದಿರಿ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯುಎಲ್ ಎಷ್ಟು ನಲ್ ಬಂದರೂ ತಕರಾರು ಮಾಡುವುದಿಲ್ಲ. ಎಸ್‌ಕ್ಯುಎಲ್ ಸರ್ವರ್ ಮಾತ್ರ ಒಂದೇ ನಲ್ ಬಿಡುತ್ತದೆ. ಮೊದಲ ಚೆಕ್ ಸೇವ್ ಆಗುತ್ತದೆ, ಎರಡನೆಯದಕ್ಕೆ ಡುಪ್ಲಿಕೇಟ್ ಕೀ ಅನ್ನುತ್ತದೆ. ಅಲ್ಲಿ ನಲ್ ಸಾಲುಗಳನ್ನು ಹೊರಗಿಡುವ ಫಿಲ್ಟರ್ಡ್ ಇಂಡೆಕ್ಸ್ ಬೇಕು.

ಈ ದಾರಿಯಲ್ಲಿ ಅತಿ ಹೆಚ್ಚು ಕಾಡುವುದು ‘ರಾಂಗ್ ಕ್ಲಾಸ್ ಎಕ್ಸೆಪ್ಶನ್’. ಸಾಲು ಇದೆ, ಆದರೆ ಅದರ ಡಿಸ್ಕ್ರಿಮಿನೇಟರ್ ಬೆಲೆ ಯಾವ ಕ್ಲಾಸಿಗೂ ಹೊಂದುತ್ತಿಲ್ಲ ಅನ್ನುವುದು ಇದರ ಅರ್ಥ. ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ಯಾರೋ ಕ್ಲಾಸಿನ ಹೆಸರು ಬದಲಿಸಿರುತ್ತಾರೆ. ಡಿಸ್ಕ್ರಿಮಿನೇಟರ್ ಬೆಲೆಯನ್ನು ನೀವೇ ಕೊಡದಿದ್ದರೆ ಹೈಬರ್ನೇಟ್ ಎಂಟಿಟಿ (ಡೇಟಾಬೇಸ್‌ಗೆ ಮ್ಯಾಪ್ ಆದ ಕ್ಲಾಸ್) ಹೆಸರನ್ನೇ ಬಳಸುತ್ತದೆ. ಹಾಗಾಗಿ ಹಳೆ ಸಾಲುಗಳು ಹಳೆ ಹೆಸರಿನಲ್ಲೇ ಉಳಿದು ಅನಾಥವಾಗುತ್ತವೆ. ಇಲ್ಲವೇ ಅದೇ ಟೇಬಲ್‌ಗೆ ಬೇರೆ ಅಪ್ಲಿಕೇಶನ್ ಕೂಡ ಬರೆಯುತ್ತಿರುತ್ತದೆ, ಅದು ಹಾಕಿದ ಬೆಲೆ ನಿಮಗೆ ಗೊತ್ತಿರುವುದಿಲ್ಲ. ಮೊದಲನೆಯದಕ್ಕೆ ಪರಿಹಾರ: ಪ್ರತಿ ಕ್ಲಾಸಿಗೂ ಡಿಸ್ಕ್ರಿಮಿನೇಟರ್ ವ್ಯಾಲ್ಯೂ ಅನೋಟೇಶನ್ ಹಾಕಿ, ಚಿಕ್ಕ ಕೋಡ್ ಕೊಡಿ, ಆಮೇಲೆ ಅದನ್ನು ಮುಟ್ಟಬೇಡಿ. ಎರಡನೆಯದಕ್ಕೆ ಹೈಬರ್ನೇಟ್‌ನ ಡಿಸ್ಕ್ರಿಮಿನೇಟರ್ ಆಪ್ಶನ್ಸ್‌ನಲ್ಲಿ ಫೋರ್ಸ್ ಅನ್ನು ಟ್ರೂ ಮಾಡಿ. ಮೂಲ ಕ್ಲಾಸ್ ಕೇಳಿದಾಗ ಹೈಬರ್ನೇಟ್ ಸಾಮಾನ್ಯವಾಗಿ ಡಿಟೈಪ್ ಮೇಲೆ ಷರತ್ತು ಹಾಕುವುದಿಲ್ಲ. ಫೋರ್ಸ್ ಇದ್ದರೆ ತನಗೆ ಗೊತ್ತಿರುವ ಬೆಲೆಗಳನ್ನಷ್ಟೇ ಕೇಳುತ್ತದೆ.

ಒಂದು ಮಿತಿಗೆ ಮಾತ್ರ ತೇಪೆ ಇಲ್ಲ. ‘ಯುಪಿಐ ರಿಫಂಡ್’ ಟೇಬಲ್‌ನ ಫಾರಿನ್ ಕೀ ಯುಪಿಐ ಪೇಮೆಂಟ್‌ಗೆ ಮಾತ್ರ ತೋರಿಸಬೇಕು ಅಂದುಕೊಳ್ಳಿ. ಸಿಂಗಲ್ ಟೇಬಲ್‌ನಲ್ಲಿ ಸಾದಾ ಫಾರಿನ್ ಕೀಯಿಂದ ಅದು ಸಾಧ್ಯವಿಲ್ಲ. ಚೆಕ್ ಸಾಲಿನ ಐಡಿ ಹಾಕಿದರೂ ಡೇಟಾಬೇಸ್ ಒಪ್ಪುತ್ತದೆ. ಇಂಥ ಸಂಬಂಧಗಳು ಜಾಸ್ತಿ ಇದ್ದರೆ ಮುಂದಿನ ದಾರಿ ನೋಡಬೇಕು.

ಜಾಯಿನ್ಡ್

ಮೂಲ ಕ್ಲಾಸಿಗೆ ಒಂದು ಟೇಬಲ್, ಪ್ರತಿ ಮಗುವಿಗೂ ಒಂದು. ಮಗುವಿನ ಪ್ರೈಮರಿ ಕೀಯೇ (ಸಾಲನ್ನು ಗುರುತಿಸುವ ಐಡಿ) ತಾಯಿ ಟೇಬಲ್‌ಗೆ ಫಾರಿನ್ ಕೀ. ನೋಡಲು ತುಂಬಾ ಅಚ್ಚುಕಟ್ಟು. ನಾಟ್ ನಲ್ ನಿಯಮಗಳು ಇರಬೇಕಾದ ಕಡೆ ಇರುತ್ತವೆ. ಯುಪಿಐ ರಿಫಂಡ್ ನೇರವಾಗಿ ಯುಪಿಐ ಟೇಬಲ್‌ಗೇ ಫಾರಿನ್ ಕೀ ಇಟ್ಟುಕೊಳ್ಳಬಹುದು. ಡೇಟಾಬೇಸ್ ವಿನ್ಯಾಸ ಕಲಿತವರಿಗೆ ಇದೇ ಸರಿ ಅನಿಸುತ್ತದೆ, ಅನಿಸಬೇಕಾದ್ದೇ.

ಖರ್ಚು ಕಾಣುವುದು ಓದುವಾಗ. ‘ಎಲ್ಲ ಪೇಮೆಂಟ್ ಕೊಡು’ ಅಂದರೆ ಹೈಬರ್ನೇಟ್ ಎಲ್ಲ ಮಕ್ಕಳ ಟೇಬಲ್‌ಗಳಿಗೂ ಲೆಫ್ಟ್ ಔಟರ್ ಜಾಯಿನ್ ಹಾಕುತ್ತದೆ. ಯಾವ ಮಗುವಿನ ಟೇಬಲ್‌ನಲ್ಲಿ ಸಾಲು ಸಿಕ್ಕಿತು ಅಂತ ಕೇಸ್ ವೆನ್ ಮೂಲಕ ನೋಡಿ ಕ್ಲಾಸ್ ತೀರ್ಮಾನಿಸುತ್ತದೆ. ಮೂರು ಮಕ್ಕಳಿದ್ದರೆ ಚಿಂತೆ ಇಲ್ಲ. ಇಪ್ಪತ್ತಾದರೆ ಕಷ್ಟ. ಪೋಸ್ಟ್‌ಗ್ರೆಸ್‌ನಲ್ಲಿ ಜಾಯಿನ್ ಕೊಲ್ಯಾಪ್ಸ್ ಲಿಮಿಟ್ ಅನ್ನುವ ಸೆಟ್ಟಿಂಗ್, ನೀವು ಬದಲಿಸದಿದ್ದರೆ, 8. ಅದನ್ನು ದಾಟಿದರೆ ಪ್ಲಾನರ್ (ಕ್ವೆರಿ ನಡೆಸುವ ಕ್ರಮ ಆರಿಸುವ ಭಾಗ) ಜಾಯಿನ್‌ಗಳ ಕ್ರಮವನ್ನು ಪೂರ್ತಿ ಅದಲುಬದಲು ಮಾಡಿ ನೋಡುವುದಿಲ್ಲ. ಮೈಎಸ್‌ಕ್ಯುಎಲ್ ಒಂದು ಜಾಯಿನ್‌ನಲ್ಲಿ 61 ಟೇಬಲ್‌ಗಿಂತ ಹೆಚ್ಚು ಒಪ್ಪುವುದೇ ಇಲ್ಲ. ಪೇಮೆಂಟ್ ಇನ್‌ವಾಯ್ಸ್‌ಗೆ, ಇನ್‌ವಾಯ್ಸ್ ಗ್ರಾಹಕನಿಗೆ, ಗ್ರಾಹಕನೂ ಇನ್ನೊಂದು ಜಾಯಿನ್ಡ್ ಕುಟುಂಬ ಅಂತಾದರೆ ಆ ಸಂಖ್ಯೆ ನೀವು ಅಂದುಕೊಂಡಷ್ಟು ದೂರ ಇಲ್ಲ.

ಬರೆಯುವಾಗಲೂ ಒಂದು ಆಬ್ಜೆಕ್ಟ್‌ಗೆ ಎರಡು ಇನ್ಸರ್ಟ್. ಐಡೆಂಟಿಟಿ ಕಾಲಂ (ಸಾಲು ಸೇರಿಸುವಾಗ ಡೇಟಾಬೇಸೇ ಐಡಿ ಕೊಡುವುದು) ಬಳಸಿದ್ದರೆ ಹೈಬರ್ನೇಟ್ ಇನ್ಸರ್ಟ್ ಬ್ಯಾಚಿಂಗ್ (ಹಲವು ಇನ್ಸರ್ಟ್ ಒಟ್ಟಿಗೆ ಕಳಿಸುವುದು) ಮಾಡುವುದಿಲ್ಲ. ಹಾಗಾಗಿ ದೊಡ್ಡ ಇಂಪೋರ್ಟ್‌ಗಳು ತೆವಳುತ್ತವೆ. ಸೀಕ್ವೆನ್ಸ್‌ಗೆ (ಟೇಬಲ್‌ನಿಂದ ಬೇರೆಯಾಗಿ ಐಡಿ ಕೊಡುವ ಎಣಿಕೆ) ಬದಲಿಸಿ, ಬ್ಯಾಚ್ ಸೈಜ್ ಕೊಟ್ಟು, ಆರ್ಡರ್ ಇನ್ಸರ್ಟ್ಸ್ ಆನ್ ಮಾಡಿದರೆ ಗಣನೀಯವಾಗಿ ಸುಧಾರಿಸುತ್ತದೆ.

ಇಲ್ಲಿ ಬರುವ ತೊಂದರೆಗಳಲ್ಲಿ ಜನರನ್ನು ತುಂಬಾ ಗಲಿಬಿಲಿ ಮಾಡುವುದು ‘ಅಬ್‌ಸ್ಟ್ರಾಕ್ಟ್ ಕ್ಲಾಸನ್ನು ಸೃಷ್ಟಿಸಲು ಆಗದು’ ಅನ್ನುವ ಅರ್ಥದ ಇನ್‌ಸ್ಟಾನ್ಶಿಯೇಶನ್ ಎಕ್ಸೆಪ್ಶನ್. ಕೋಡ್‌ನಲ್ಲಿ ಎಲ್ಲಿ ಹುಡುಕಿದರೂ ತಪ್ಪು ಸಿಗುವುದಿಲ್ಲ. ಯಾಕೆಂದರೆ ತಪ್ಪು ಇರುವುದು ಡೇಟಾದಲ್ಲಿ. ತಾಯಿ ಟೇಬಲ್‌ನಲ್ಲಿ ಸಾಲು ಇದೆ, ಯಾವ ಮಗುವಿನ ಟೇಬಲ್‌ನಲ್ಲೂ ಅದರ ಜೋಡಿ ಇಲ್ಲ. ಆಗ ಹೈಬರ್ನೇಟ್ ಅದನ್ನು ಮೂಲ ಕ್ಲಾಸಿನದೇ ಆಬ್ಜೆಕ್ಟ್ ಅಂತ ತಿಳಿಯುತ್ತದೆ, ಆದರೆ ಮೂಲ ಕ್ಲಾಸ್ ಅಬ್‌ಸ್ಟ್ರಾಕ್ಟ್, ಅದರಿಂದ ನೇರವಾಗಿ ಆಬ್ಜೆಕ್ಟ್ ಮಾಡಲು ಬರುವುದಿಲ್ಲ. ಯಾರೋ ಕೈಯಲ್ಲಿ ಮಗುವಿನ ಸಾಲನ್ನು ಅಳಿಸಿರುತ್ತಾರೆ, ಇಲ್ಲವೇ ಒಂದು ಸ್ಕ್ರಿಪ್ಟ್ ತಾಯಿ ಟೇಬಲ್‌ಗೆ ಮಾತ್ರ ಬರೆದಿರುತ್ತದೆ. ತಾಯಿ ಟೇಬಲ್‌ಗೆ ಎಲ್ಲ ಮಕ್ಕಳನ್ನೂ ಲೆಫ್ಟ್ ಜಾಯಿನ್ ಮಾಡಿ, ಎಲ್ಲದರ ಐಡಿಯೂ ನಲ್ ಇರುವ ಸಾಲುಗಳನ್ನು ಹುಡುಕಿ. ಅಪರಾಧಿಗಳು ಅಲ್ಲೇ ಇರುತ್ತಾರೆ.

‘ಐಡಿ ಅನ್ನುವ ಕಾಲಂ ಯುಪಿಐ ಟೇಬಲ್‌ನಲ್ಲಿ ಇಲ್ಲ’ ಅಂದರೆ ಮಗುವಿನ ಕೀ ಹೆಸರು ಬೇರೆ ಇದೆ ಅಂತ. ಪ್ರೈಮರಿ ಕೀ ಜಾಯಿನ್ ಕಾಲಂ ಅನೋಟೇಶನ್ ಹಾಕಿದರೆ ಮುಗಿಯಿತು. ಬಲ್ಕ್ ಅಪ್‌ಡೇಟ್ ಅಥವಾ ಡಿಲೀಟ್ ಮಾಡುವಾಗ ತಾತ್ಕಾಲಿಕ ಟೇಬಲ್ ಬಗ್ಗೆ ಎರರ್ ಬಂದರೆ ಗಾಬರಿ ಬೇಡ. ಹಲವು ಟೇಬಲ್‌ಗಳನ್ನು ಒಟ್ಟಿಗೆ ಬದಲಿಸಲು ಹೈಬರ್ನೇಟ್ ‘ಎಚ್‌ಟಿ’ಯಿಂದ ಶುರುವಾಗುವ ತಾತ್ಕಾಲಿಕ ಟೇಬಲ್‌ಗಳಲ್ಲಿ ಐಡಿಗಳನ್ನು ಇಟ್ಟುಕೊಳ್ಳುತ್ತದೆ. ಡೇಟಾಬೇಸ್ ಯೂಸರ್‌ಗೆ ಅದರ ಅನುಮತಿ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ.

ಇನ್ನೊಂದು ಮಾತು. ಜಾಯಿನ್ಡ್‌ಗೆ ಹೈಬರ್ನೇಟ್ ಡಿಸ್ಕ್ರಿಮಿನೇಟರ್ ಕಾಲಂ ಕೇಳುವುದಿಲ್ಲ, ಇನ್ನೊಂದು ಜೆಪಿಎ ಲೈಬ್ರರಿಯಾದ ಎಕ್ಲಿಪ್ಸ್‌ಲಿಂಕ್ ಕೇಳುತ್ತದೆ. ನನ್ನ ಸಲಹೆ: ಬೇಡದಿದ್ದರೂ ಹಾಕಿ. ರಿಪೋರ್ಟ್ ಬರೆಯುವವರಿಗೆ ಜಾಯಿನ್ ಇಲ್ಲದೇ ಪೇಮೆಂಟ್ ಬಗೆ ಗೊತ್ತಾಗುತ್ತದೆ.

ಟೇಬಲ್ ಪರ್ ಕ್ಲಾಸ್

ಇದರಲ್ಲಿ ಪ್ರತಿ ಮಗುವಿನ ಟೇಬಲ್‌ನಲ್ಲೂ ತಾಯಿಯ ಕಾಲಂಗಳ ಪ್ರತಿ ಇರುತ್ತದೆ. ಹೊಸ ಪ್ರಾಜೆಕ್ಟ್‌ಗೆ ಇದನ್ನು ನಾನು ಸೂಚಿಸುವುದಿಲ್ಲ. ಜೆಪಿಎ ನಿಯಮದಲ್ಲೇ ಇದು ಐಚ್ಛಿಕ. ಲೈಬ್ರರಿ ಇದನ್ನು ಕೊಡಲೇಬೇಕು ಅಂತ ಇಲ್ಲ.

ಮೂಲ ಕ್ಲಾಸ್ ಕೇಳಿದರೆ ಎಲ್ಲ ಟೇಬಲ್‌ಗಳ ಯೂನಿಯನ್ ಆಲ್ ಆಗುತ್ತದೆ. ಮೈಎಸ್‌ಕ್ಯುಎಲ್ ಹೊರಗಿನ ಷರತ್ತನ್ನು ಇಂಥ ಯೂನಿಯನ್ ಒಳಕ್ಕೆ ತಳ್ಳಲು ಕಲಿತಿದ್ದು 8.0.29ರಲ್ಲಿ. ಅದಕ್ಕಿಂತ ಹಳೆಯದರಲ್ಲಿ ಒಂದು ಪೇಮೆಂಟ್ ಹುಡುಕಲು ಎಲ್ಲ ಟೇಬಲ್‌ಗಳನ್ನೂ ಪೂರ್ತಿ ಓದುವ ಪರಿಸ್ಥಿತಿ ಬರುತ್ತದೆ. ಇನ್‌ವಾಯ್ಸ್‌ನಿಂದ ‘ಯಾವುದೋ ಒಂದು ಪೇಮೆಂಟ್’ಗೆ ಫಾರಿನ್ ಕೀ ಇಡುವಂತೆಯೇ ಇಲ್ಲ, ಯಾಕೆಂದರೆ ತೋರಿಸಲು ಒಂದು ಟೇಬಲ್ ಇಲ್ಲ. ಐಡೆಂಟಿಟಿ ಕೀ ಬಳಸಿದರೆ ಹೈಬರ್ನೇಟ್ ಶುರುವಿನಲ್ಲೇ ಯೂನಿಯನ್ ಸಬ್‌ಕ್ಲಾಸ್ ಜೊತೆ ಅದು ಆಗದು ಅಂತ ನಿಲ್ಲಿಸುತ್ತದೆ. ಅದು ನಿಲ್ಲಿಸುವುದು ಒಳ್ಳೆಯದಕ್ಕೇ. ಎರಡು ಟೇಬಲ್‌ಗಳಲ್ಲಿ ಐಡಿ 5 ಇದ್ದರೆ ‘ಪೇಮೆಂಟ್ 5’ ಅಂದರೆ ಯಾವುದು? ಹಳೆ ಡೇಟಾ ತುಂಬಿಸುವಾಗ ಈ ಗೊಂದಲ ನುಸುಳಿದರೆ, ಒಂದೇ ಐಡಿಗೆ ಒಂದಕ್ಕಿಂತ ಹೆಚ್ಚು ಸಾಲು ಸಿಕ್ಕಿತು ಅನ್ನುವ ಎರರ್ ಬರುತ್ತದೆ. ಎಲ್ಲ ಟೇಬಲ್‌ಗಳಿಗೂ ಒಂದೇ ಸೀಕ್ವೆನ್ಸ್ ಇಡುವುದೇ ದಾರಿ. ಮೈಎಸ್‌ಕ್ಯುಎಲ್‌ನಲ್ಲಿ ಸೀಕ್ವೆನ್ಸ್ ಇಲ್ಲ. ಮರಿಯಾಡಿಬಿಯಲ್ಲಿ 10.3ರಿಂದ ಇದೆ.

ಮ್ಯಾಪ್ಡ್ ಸೂಪರ್‌ಕ್ಲಾಸ್

ಟೇಬಲ್ ಪರ್ ಕ್ಲಾಸ್ ಆರಿಸುವ ಹೆಚ್ಚಿನವರಿಗೆ ನಿಜಕ್ಕೂ ಬೇಕಿರುವುದು ಇದು. ಸೃಷ್ಟಿಯಾದ ಸಮಯ, ಬದಲಿಸಿದವರ ಹೆಸರು, ವರ್ಶನ್ ನಂಬರ್, ಇಂಥ ಫೀಲ್ಡ್‌ಗಳನ್ನು ಎಲ್ಲ ಕ್ಲಾಸ್‌ಗಳಲ್ಲಿ ಪದೇ ಪದೇ ಬರೆಯುವುದನ್ನು ತಪ್ಪಿಸಬೇಕು, ಅಷ್ಟೇ. ಆಗ ತಾಯಿ ಎಂಟಿಟಿಯೇ ಅಲ್ಲ. ಅದಕ್ಕೆ ಟೇಬಲ್ ಇಲ್ಲ, ಸಂಬಂಧವನ್ನು ಅದಕ್ಕೆ ಕಟ್ಟಲೂ ಬರುವುದಿಲ್ಲ. ಮೆನಿ ಟು ಒನ್ ಹಾಕಿದಾಗ ‘ಗುರಿ ಎಂಟಿಟಿ ಅಲ್ಲ’ ಅಂತ ಎರರ್ ಬಂದರೆ, ತಪ್ಪು ಅನೋಟೇಶನ್‌ನಲ್ಲಿಲ್ಲ, ಆಯ್ಕೆಯಲ್ಲಿದೆ. ನಿಮಗೆ ಬೇಕಿರುವುದು ಬರೀ ಕೋಡ್ ಹಂಚಿಕೆ ಅಲ್ಲ, ನಿಜವಾದ ಎಂಟಿಟಿ ಕುಟುಂಬ.

ಯಾವ ದಾರಿಯಲ್ಲಿ ಹೋದರೂ ಸಿಗುವ ಪ್ರಾಕ್ಸಿ

ಇನ್‌ವಾಯ್ಸ್‌ನಲ್ಲಿ ಪೇಮೆಂಟ್‌ಗೆ ಲೇಝಿ ಸಂಬಂಧ ಇದೆ, ಅಂದರೆ ಮುಟ್ಟಿದಾಗ ಮಾತ್ರ ಪೇಮೆಂಟ್ ಡೇಟಾ ಬರುತ್ತದೆ. ಕೋಡ್‌ನಲ್ಲಿ ‘ಇದು ಯುಪಿಐ ಪೇಮೆಂಟಾ?’ ಅಂತ ಇನ್‌ಸ್ಟನ್ಸ್‌ಆಫ್‌ನಿಂದ ಕೇಳುತ್ತೀರಿ. ಡೇಟಾಬೇಸ್‌ನಲ್ಲಿ ಅದು ಯುಪಿಐಯೇ. ಉತ್ತರ ಮಾತ್ರ ಫಾಲ್ಸ್. ಕಾಸ್ಟ್ ಮಾಡಿದರೆ ಕ್ಲಾಸ್ ಕಾಸ್ಟ್ ಎಕ್ಸೆಪ್ಶನ್. ಡೀಬಗ್ಗರ್‌ನಲ್ಲಿ ತೆರೆದರೆ ಕ್ಲಾಸ್ ಹೆಸರಿನ ಹಿಂದೆ ಹೈಬರ್ನೇಟ್ ಪ್ರಾಕ್ಸಿ ಅಂತ ಬಾಲ ಕಾಣುತ್ತದೆ.

ಆಗುವುದೇನೆಂದರೆ, ಇನ್‌ವಾಯ್ಸ್ ಓದುವಾಗ ಹೈಬರ್ನೇಟ್‌ಗೆ ಪೇಮೆಂಟ್‌ನ ಐಡಿ ಮಾತ್ರ ಗೊತ್ತು, ಬಗೆ ಗೊತ್ತಿಲ್ಲ. ಹಾಗಾಗಿ ಅದು ‘ಪೇಮೆಂಟ್’ ಕ್ಲಾಸಿನ ಪ್ರಾಕ್ಸಿ, ಅಂದರೆ ನಿಜವಾದ ಆಬ್ಜೆಕ್ಟ್ ಬದಲು ನಿಲ್ಲುವ ಪ್ರತಿನಿಧಿ, ಕೊಡುತ್ತದೆ. ಆಮೇಲೆ ಡೇಟಾ ಬಂದರೂ ಆ ಪ್ರಾಕ್ಸಿಯ ಬಗೆ ಬದಲಾಗುವುದಿಲ್ಲ. ಸಿಂಗಲ್ ಟೇಬಲ್‌ನಿಂದ ಜಾಯಿನ್ಡ್‌ಗೆ ಹೋದರೂ, ಅಲ್ಲಿಂದ ಇಲ್ಲಿಗೆ ಬಂದರೂ ಇದು ಸರಿಹೋಗುವುದಿಲ್ಲ. 5.2.10ರಿಂದ ಹೈಬರ್ನೇಟ್‌ನಲ್ಲಿ ಅನ್‌ಪ್ರಾಕ್ಸಿ ಅನ್ನುವ ಮೆಥಡ್ ಇದೆ, ಅದು ಒಳಗಿನ ನಿಜವಾದ ಆಬ್ಜೆಕ್ಟ್ ಕೊಡುತ್ತದೆ. ಆದರೆ ಅದಕ್ಕಿಂತ ಒಳ್ಳೆಯದು, ಬಗೆ ಕೇಳುವುದನ್ನೇ ಬಿಡುವುದು. ‘ರಿಫಂಡ್ ಮಾಡಬಹುದಾ’ ಅಂತ ಒಂದು ಮೆಥಡ್ ಮೂಲ ಕ್ಲಾಸಿನಲ್ಲಿ ಇಟ್ಟು, ಪ್ರತಿ ಮಗುವಿನಲ್ಲೂ ಅದನ್ನು ಬರೆಯಿರಿ. ಪ್ರಾಕ್ಸಿ ಆ ಕರೆಯನ್ನು ಸರಿಯಾದ ಮಗುವಿಗೇ ತಲುಪಿಸುತ್ತದೆ. ಕ್ವೆರಿಯಲ್ಲಿ ಬಗೆ ಬೇಕಾದರೆ ಜೆಪಿಎ 2.0ರಿಂದ ಬಗೆ ಹೇಳುವ ಟೈಪ್ ಇದೆ, 2.1ರಿಂದ ಮಗುವಿನ ಬಗೆಯಾಗಿ ನೋಡುವ ಟ್ರೀಟ್ ಇದೆ.

ಬೇರೆ ಲೈಬ್ರರಿಗಳಲ್ಲಿ

ಪೈಥಾನ್‌ನ ಎಸ್‌ಕ್ಯುಎಲ್‌ಆಲ್ಕೆಮಿಯಲ್ಲೂ ಮೇಲಿನವುಗಳಲ್ಲಿ ಮೊದಲ ಮೂರು ದಾರಿಗಳಿವೆ, ಆದರೆ ಸ್ವಭಾವ ಬೇರೆ. ಜಾಯಿನ್ಡ್‌ನಲ್ಲಿ ಮೂಲ ಕ್ಲಾಸ್ ಕೇಳಿದರೆ ಅದು ತಾನಾಗಿ ಎಲ್ಲ ಜಾಯಿನ್ ಹಾಕುವುದಿಲ್ಲ. ತಾಯಿಯ ಕಾಲಂಗಳನ್ನು ಮಾತ್ರ ತಂದು, ಮಗುವಿನ ಫೀಲ್ಡ್ ಮುಟ್ಟಿದಾಗ ಒಂದೊಂದಕ್ಕೂ ಬೇರೆ ಕ್ವೆರಿ ಕಳಿಸುತ್ತದೆ. ನೂರು ಪೇಮೆಂಟ್ ತೋರಿಸುವ ಪುಟ ನೂರೊಂದು ಕ್ವೆರಿ ಕಳಿಸುವುದು ಹೀಗೆ. ಮಕ್ಕಳ ಕಾಲಂಗಳನ್ನು ಮೊದಲೇ ಒಟ್ಟಿಗೆ ತರಲು ಸೆಲೆಕ್ಟಿನ್ ಪಾಲಿಮಾರ್ಫಿಕ್ ಅಥವಾ ವಿತ್ ಪಾಲಿಮಾರ್ಫಿಕ್ ಬಳಸಿ. ‘ಇಂಥ ಪಾಲಿಮಾರ್ಫಿಕ್ ಐಡೆಂಟಿಟಿ (ಡಿಸ್ಕ್ರಿಮಿನೇಟರ್ ಬೆಲೆ) ಇಲ್ಲ’ ಅನ್ನುವ ಎರರ್ ಬಂದರೆ ಮೊದಲು ನೋಡಬೇಕಾದ್ದು, ಆ ಮಗುವಿನ ಕ್ಲಾಸ್ ಇರುವ ಫೈಲ್ ಇಂಪೋರ್ಟ್ ಆಗಿದೆಯಾ ಅಂತ. ಟೆಸ್ಟ್‌ನಲ್ಲಿ ಓಡಿ ಸರ್ವರ್‌ನಲ್ಲಿ ಬೀಳುವುದಕ್ಕೆ ಇದೇ ಕಾರಣ ಇರಬಹುದು.

ಪೈಥಾನ್‌ನದೇ ಆದ ಜ್ಯಾಂಗೋದಲ್ಲಿ ಫೀಲ್ಡ್ ಸೇರಿಸಬಲ್ಲ ಸಿಂಗಲ್ ಟೇಬಲ್ ದಾರಿ ಇಲ್ಲ. ಅಬ್‌ಸ್ಟ್ರಾಕ್ಟ್ ಮಾಡೆಲ್, ಮಲ್ಟಿ ಟೇಬಲ್, ಪ್ರಾಕ್ಸಿ ಮಾಡೆಲ್ (ಮೇಲೆ ಹೇಳಿದ ಪ್ರಾಕ್ಸಿ ಅಲ್ಲ) ಇವೆ. ಮಲ್ಟಿ ಟೇಬಲ್ ಅಂದರೆ ಜಾಯಿನ್ಡ್‌ನಂತೆಯೇ, ಆದರೆ ಪೇಮೆಂಟ್ ಕೇಳಿದರೆ ಪೇಮೆಂಟ್ ಮಾತ್ರ ಸಿಗುತ್ತದೆ, ಮಗು ಸಿಗುವುದಿಲ್ಲ. ಬಲ್ಕ್ ಕ್ರಿಯೇಟ್ ಕೂಡ ಇದರ ಮಕ್ಕಳಿಗೆ ನಡೆಯುವುದಿಲ್ಲ. ಡಾಟ್‌ನೆಟ್‌ನ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನಲ್ಲಿ ಮೊದಲಿನಿಂದ ಸಿಂಗಲ್ ಟೇಬಲ್ಲೇ. ಜಾಯಿನ್ಡ್ ಬಂದಿದ್ದು 2020ರ 5.0ರಲ್ಲಿ, ಟೇಬಲ್ ಪರ್ ಕ್ಲಾಸ್ 2022ರ 7.0ರಲ್ಲಿ.

ಹಾಗಾದರೆ ಯಾವುದು?

ಮೊದಲು ಕ್ವೆರಿಗಳನ್ನು ನೋಡಿ, ಕ್ಲಾಸ್ ಚಿತ್ರವನ್ನಲ್ಲ. ‘ಎಲ್ಲ ಬಗೆಯ ಪೇಮೆಂಟ್’ ಅಂತ ಪದೇ ಪದೇ ಕೇಳುತ್ತೀರಾ, ಮಕ್ಕಳಿಗೆ ಸ್ವಂತ ಕಾಲಂ ಕಡಿಮೆಯಾ? ಕಣ್ಣುಮುಚ್ಚಿ ಸಿಂಗಲ್ ಟೇಬಲ್. ಪೇಮೆಂಟ್ ಉದಾಹರಣೆಗೆ ನನ್ನ ಆಯ್ಕೆ ಇದೇ, ಚೆಕ್ ಕನ್‌ಸ್ಟ್ರೇಂಟ್ ಜೊತೆಗೆ. ಮಕ್ಕಳಿಗೆ ಹತ್ತಾರು ಕಡ್ಡಾಯ ಕಾಲಂಗಳಿದ್ದು, ಬೇರೆ ಟೇಬಲ್‌ಗಳು ಒಂದೊಂದು ಮಗುವಿಗೇ ಫಾರಿನ್ ಕೀ ಇಟ್ಟುಕೊಳ್ಳುವುದಾದರೆ ಜಾಯಿನ್ಡ್. ಯಾವತ್ತೂ ಒಟ್ಟಿಗೆ ಕೇಳುವುದಿಲ್ಲ ಅಂದರೆ ಮ್ಯಾಪ್ಡ್ ಸೂಪರ್‌ಕ್ಲಾಸ್. ಮಕ್ಕಳ ವಿವರ ಬರೀ ತೆರೆಯ ಮೇಲೆ ತೋರಿಸಲು ಮಾತ್ರ ಬೇಕು, ಹುಡುಕಲು ಬೇಡ ಅಂದರೆ ಇನ್ಹೆರಿಟೆನ್ಸ್ ಯಾಕೆ? ಒಂದು ಜೇಸನ್ ಕಾಲಂ ಸಾಕು. ಹೈಬರ್ನೇಟ್ 6 ಅದನ್ನು ನೇರವಾಗಿ ಮ್ಯಾಪ್ ಮಾಡುತ್ತದೆ.

ಒಂದು ಕಡೆ ಮಾತ್ರ ಯಾವ ದಾರಿಯೂ ಬೇಡ. ವಸ್ತುವಿನ ಬಗೆ ಕಾಲಕ್ರಮದಲ್ಲಿ ಬದಲಾಗುವಂತಿದ್ದರೆ ಇನ್ಹೆರಿಟೆನ್ಸ್ ಬಳಸಲೇಬೇಡಿ. ತಾತ್ಕಾಲಿಕ ನೌಕರ ಕಾಯಂ ಆಗುತ್ತಾನೆ, ಆದರೆ ಜಾವಾ ಆಬ್ಜೆಕ್ಟ್ ತನ್ನ ಕ್ಲಾಸ್ ಬದಲಿಸಲಾರದು. ಅಂಥ ಕಡೆ ಸ್ಥಿತಿಯನ್ನು ಹೇಳುವ ಒಂದು ಕಾಲಂ ಇಡಿ.

ಈಗಾಗಲೇ ಜಾಯಿನ್ಡ್‌ನಲ್ಲಿದ್ದು ಸಿಂಗಲ್ ಟೇಬಲ್‌ಗೆ ಬರಬೇಕಾದರೆ ಅದು ಅಂದುಕೊಂಡಷ್ಟು ಕಷ್ಟವಲ್ಲ, ಯಾಕೆಂದರೆ ಐಡಿಗಳು ಎರಡೂ ಕಡೆ ಒಂದೇ. ತಾಯಿ ಟೇಬಲ್‌ಗೆ ಮಕ್ಕಳ ಕಾಲಂಗಳನ್ನೂ ಡಿಟೈಪನ್ನೂ ಖಾಲಿಯಾಗಿ ಸೇರಿಸಿ. ಒಂದೊಂದು ಮಗುವಿನ ಟೇಬಲ್‌ನಿಂದ ಬೆಲೆಗಳನ್ನು ತುಂಬಿಸಿ. ಡಿಟೈಪ್ ನಲ್ ಉಳಿದ ಸಾಲುಗಳೇನಾದರೂ ಇದ್ದರೆ ಅವು ಮೇಲೆ ಹೇಳಿದ ಅನಾಥ ಸಾಲುಗಳು, ಮೊದಲು ಅವನ್ನು ಬಗೆಹರಿಸಿ. ಮಕ್ಕಳ ಟೇಬಲ್‌ಗೆ ತೋರಿಸುತ್ತಿದ್ದ ಫಾರಿನ್ ಕೀಗಳನ್ನು ತಾಯಿಗೆ ತಿರುಗಿಸಿ. ಚೆಕ್ ಕನ್‌ಸ್ಟ್ರೇಂಟನ್ನು ಪೋಸ್ಟ್‌ಗ್ರೆಸ್‌ನಲ್ಲಿ ಮೊದಲು ನಾಟ್ ವ್ಯಾಲಿಡ್ (ಹಳೆ ಸಾಲುಗಳನ್ನು ಈಗಲೇ ಪರಿಶೀಲಿಸಬೇಡ) ಅಂತ ಸೇರಿಸಿ, ಆಮೇಲೆ ವ್ಯಾಲಿಡೇಟ್ ಮಾಡಿ. ಆಗ ಟೇಬಲ್ ತುಂಬಾ ಹೊತ್ತು ಲಾಕ್ ಆಗುವುದಿಲ್ಲ. ಹಳೆ ಟೇಬಲ್‌ಗಳನ್ನು ಅವತ್ತೇ ಡ್ರಾಪ್ ಮಾಡಬೇಡಿ, ಹೆಸರು ಬದಲಿಸಿ ಇಡಿ. ತಿಂಗಳಿಗೊಮ್ಮೆ ಓಡುವ ಯಾವುದಾದರೂ ರಿಪೋರ್ಟ್ ಆ ಟೇಬಲ್‌ಗಳನ್ನು ನೇರವಾಗಿ ಓದುತ್ತಿದ್ದರೆ ಅದು ಎರರ್ ಕೊಟ್ಟು ತಾನೇ ಸಿಕ್ಕಿಬೀಳುತ್ತದೆ, ಡೇಟಾ ಇನ್ನೂ ಕೈಯಲ್ಲಿರುತ್ತದೆ.